ಅಲಂಕಾರದ ಕೋಳಿ, ತಾಯಿಯ ಪಾಟಲಿ

ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದಾಗ ಬೇಸಗೆಯ ಬಿಸಿಲು ಆಗಲೇ ಏರಿತ್ತು. ಹತ್ತಿರದಲ್ಲೇ ಹಟ್ಟಿಯ ಚಿನ್ನದ ಗಣಿ. ಮುಂದೆ ತುಂಗಭದ್ರೆಯ ಎಡದಂಡೆ ಕಾಲುವೆ ನೀರುಣಿಸುವ ಭತ್ತದ ಸೀಮೆ. ಸಿಂಧನೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲಂಕಾರದ ಕೋಳಿ ಸಾಕಿ ಮರಿ ಮಾರುವ ಉದ್ಯೋಗಕ್ಕೆ ಕೈಹಾಕುವವನಿದ್ದ. ಬಂಡವಾಳಕ್ಕೆ ಅವನ ತಾಯಿಯ ಪಾಟಲಿಗಳು ಒತ್ತೆ ಹೋಗುವುದರಲ್ಲಿದ್ದುವು. “ಲಾಭವೋ ನಷ್ಟವೋ, ನೀವೇ ಬಂದು ಹೇಳಬೇಕು ಸರ್” ಎಂದು ಕರೆದಿದ್ದ. ವ್ಯಾಕರಣ ಬೋಧಿಸುವವನಿಗೆ ಕೋಳಿಯ ಲೆಕ್ಕ ಒಲಿದೀತೆ?

ದಾರಿಯಲ್ಲಿ ಮಸ್ಕಿಯಲ್ಲಿ ಇಳಿದೆ. 1915ರಲ್ಲಿ ಚಿನ್ನವನ್ನರಸುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಇಲ್ಲಿ ದೊರೆತುದು ಶಾಸನ. ‘ದೇವಾನಾಂಪ್ರಿಯ’ನೇ ಅಶೋಕನೆಂದು ಹೆಸರು ಹೇಳಿದ ಬಂಡೆ. ಆ ಚಕ್ರವರ್ತಿಗೂ ಕೋಳಿಯ ಚಿಂತೆಯಿತ್ತು. ಉತ್ತರದಲ್ಲಿರುವ ಅವನ ಐದನೆಯ ಸ್ತಂಭಶಾಸನ, ಹುಂಜಗಳನ್ನು ನಿರ್ಬೀಜಗೊಳಿಸಬಾರದೆಂದು ವಿಧಿಸುತ್ತದೆ.

ಸಿಂಧನೂರಿನ ಹಿತ್ತಿಲಲ್ಲಿ ನನ್ನನ್ನು ಎದುರುಗೊಂಡುದು ಒಂದು ಸಿಲ್ಕಿ ಹುಂಜ, ಎರಡು ಹೇಟೆ. ರೇಷ್ಮೆಯ ಕುಚ್ಚಿನಂಥ ಪುಕ್ಕ, ಕಪ್ಪು ಚರ್ಮ, ಕಾಲಿಗೆ ಐದೈದು ಬೆರಳು! ಕಾಲಿನ ತುಂಬ ಗರಿಯಿರುವ ಬ್ರಹ್ಮ, ಕೊಚಿನ್ ತಳಿಗಳನ್ನೂ ತರಿಸುವ ಹಂಬಲ ಹುಡುಗನಿಗೆ. ಅಕ್ಕಿ ಗಿರಣಿಗಳ ಊರು. ನುಚ್ಚು ತವುಡಿಗೆ ಬರವಿಲ್ಲ.

ಕಾಗದ ಹಿಡಿದು ಕುಳಿತೆವು. ನೂರು ಮೊಟ್ಟೆಗೆ 21 ದಿನಗಳಲ್ಲಿ 70 ಮರಿಗಳಾದುವೆನ್ನೋಣ; 60 ಬದುಕಿದುವೆನ್ನೋಣ. ಅರ್ಧ ಹುಂಜಗಳೇ. ಎಂಟು ಹೇಟೆಗೆ ಒಂದು ಹುಂಜ ಸಾಕು. ಮಿಕ್ಕವುಗಳಿಗೆ ಮಾಂಸದ ಬೆಲೆಯೇ ಗತಿ. ಸಿಲ್ಕಿಯಲ್ಲಿ ಹೆಣ್ಣು ಗಂಡು ತಿಳಿಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಎಲ್ಲಕ್ಕೂ ಕಾಳು ಹಾಕಬೇಕು. ತಳಿ ಬೆರೆಯದಂತೆ ಒಂದೊಂದಕ್ಕೂ ಬೇರೆ ಗೂಡು. ರಾಣಿಖೇತ್ ರೋಗ ಹೊಕ್ಕರೆ ಗೂಡೇ ಬರಿದು, ಲಸಿಕೆ ತಪ್ಪುವಂತಿಲ್ಲ. ಬೆವರದ ಹಕ್ಕಿಗೆ 40 ಡಿಗ್ರಿ ಮೀರುವ ರಾಯಚೂರು ಸೀಮೆಯ ಬೇಸಗೆ ಬೇರೆ. ಇದಕ್ಕೂ ಮಿಗಿಲಾದ ತೊಡಕೊಂದಿದೆ. ಮಾಂಸದ ಕೋಳಿಗೆ ನಿತ್ಯದ ಗಿರಾಕಿ. ಅಂದದ ಕೋಳಿಯ ಜೋಡಿ ಕೊಂಡವನು ಮರುವರ್ಷ ತಾನೇ ಮರಿ ಮಾರತೊಡಗುತ್ತಾನೆ.

ಅಷ್ಟರಲ್ಲಿ ಮಜ್ಜಿಗೆ ತಂದ ತಾಯಿ, “ಮಾಸ್ತರ್ರ, ಕೊಳ್ಳೋರು ಯಾರು ಅಂತ ಕೇಳ್ರಿ ಅವನ್ನ” ಎಂದರು.

ಹುಡುಗ ಬೆರಳು ಮಡಿಚಿದ. ಮೂರಕ್ಕೆ ನಿಂತಿತು.

“ಹಟ್ಟಿಯಲ್ಲಿ ಟನ್ನುಗಟ್ಟಲೆ ಕಲ್ಲು ಅರೆದು ಗ್ರಾಮಿನ ಲೆಕ್ಕದಲ್ಲಿ ಚಿನ್ನ ತೆಗೆಯುತ್ತಾರಪ್ಪ. ಆದರೆ ಮೊದಲು ಮಾದರಿಯ ಕಲ್ಲನ್ನು ಪರೀಕ್ಷಿಸುತ್ತಾರೆ. ನಿನ್ನ ಮಾದರಿ ಈ ಮೂರು ಹಕ್ಕಿಗಳೇ. ಸಿಲ್ಕಿ ಹೇಟೆ ಕಾವಿಗೆ ಚೆನ್ನಾಗಿ ಕೂರುತ್ತದೆ, ಯಂತ್ರದ ವೆಚ್ಚವಿಲ್ಲ. ಒಂದು ವರ್ಷ ಪ್ರತಿ ಪೈಸೆಯನ್ನೂ ಬರೆದಿಡು. ಮರಿಗಿಂತ ಮೊದಲು ಕೊಳ್ಳುವವರ ಪಟ್ಟಿ ಬೆಳೆಯಲಿ, ಗೂಡು ಆಮೇಲೆ” ಎಂದೆ.

ಅವನ ಮುಖ ಬಾಡಿತು. ಆ ಉತ್ಸಾಹವನ್ನು ಚಿವುಟಿದೆನೇನೋ ಎಂದು ನನಗೂ ಕಸಿವಿಸಿಯಾಯಿತು. ಸಂಜೆ ಬಸ್ಸಿನವರೆಗೆ ಮೌನವಾಗಿ ಬಂದವನು, ಬಸ್ಸು ಹೊರಡುವಾಗ ಕಿಟಕಿಯ ಬಳಿ ಬಂದು, “ಬರುವ ಬೇಸಗೆಗೆ ಲೆಕ್ಕದ ಪುಸ್ತಕ ತೋರಿಸುತ್ತೇನೆ ಸರ್” ಎಂದ.

ಲಾಭವಾದೀತೋ ಇಲ್ಲವೋ ಆ ಪುಸ್ತಕವೇ ಹೇಳಬೇಕು. ಪಾಟಲಿಗಳಂತೂ ಆ ತಾಯಿಯ ಕೈಯಲ್ಲೇ ಉಳಿದುವು.