ತಾಮ್ರದ ತಂತಿಯ ಹುಳು

ಇಂಗ್ಲೆಂಡಿನ ಸಾಲ್ಸ್‌ಬರಿಗೆ ಬಂದವರು ತಪ್ಪದೆ ನೋಡುವುದು ಎರಡು. ಒಂದು 123 ಮೀಟರ್ ಎತ್ತರದ ಶಿಖರವಿರುವ ದೊಡ್ಡ ಚರ್ಚು, ಇನ್ನೊಂದು ಹತ್ತಿರದ ಸ್ಟೋನ್‌ಹೆಂಜ್. ನಾವೂ ಎರಡನ್ನೂ ನೋಡಿದೆವು, ಫೋಟೋ ತೆಗೆಸಿಕೊಂಡೆವು. ಆದರೆ ಮಗಳ ಮನೆಯಲ್ಲಿದ್ದ ಎರಡು ತಿಂಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಊರಿನ ಪಕ್ಕದಲ್ಲೇ ಹರಿಯುವ ಏವನ್ ನದಿ. ಅದಕ್ಕೆ ಕಾರಣ ನಮ್ಮ ಅಳಿಯನ ಗಾಳದ ಹುಚ್ಚು.

ನದಿ ಅಂದ ತಕ್ಷಣ ನಮ್ಮ ತುಂಗೆಯನ್ನು ನೆನೆಸಿಕೊಳ್ಳಬೇಡಿ. ಮೇಲ್ಭಾಗದಲ್ಲಿ ಒಂದು ತೆಂಗಿನಮರ ಅಡ್ಡ ಹಾಕಿದರೆ ದಾಟಿಬಿಡಬಹುದು, ಅಷ್ಟೇ ಅಗಲ. ಸುತ್ತಲಿನ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲು. ಬಿದ್ದ ಮಳೆ ಅದರೊಳಗೆ ಇಂಗಿ, ಸೋಸಿಕೊಂಡು, ಒರತೆಯಾಗಿ ಹೊರಬರುತ್ತದೆ. ಹಾಗಾಗಿ ನೀರು ಬಲು ತಿಳಿ. ಒರತೆಯ ಹತ್ತಿರ ವರ್ಷವಿಡೀ ಹೆಚ್ಚುಕಡಿಮೆ ಹತ್ತು ಡಿಗ್ರಿ ತಂಪು. ಇಂಥ ನದಿಗಳು ಪ್ರಪಂಚದಲ್ಲಿ ಇರುವುದೇ ಕೆಲವು ನೂರು, ಅದರಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ ಇವೆ. ದಂಡೆಯಲ್ಲಿ ನಿಂತರೆ ಹಸಿರು ಪಾಚಿಗಿಡಗಳ ನಡುವೆ ಚುಕ್ಕೆ ಚುಕ್ಕೆಯ ಟ್ರೌಟ್ ಮೀನು ಬಾಲ ಆಡಿಸುತ್ತಾ ನಿಂತಿರುವುದು ಕಾಣುತ್ತದೆ. ನಮಗೆ ಅದು ಕಾಣುತ್ತೆ ಅಂದರೆ ಅದಕ್ಕೂ ನಾವು ಕಾಣ್ತೀವಿ! ಅದಕ್ಕೇ ಇಲ್ಲಿ ಜೋರಾಗಿ ಹೆಜ್ಜೆ ಹಾಕಿದರೂ ಅಳಿಯ ಹುಬ್ಬು ಗಂಟಿಕ್ಕುತ್ತಾನೆ.

ಇಲ್ಲಿ ಎರೆಹುಳು ಸಿಕ್ಕಿಸುವ ಪದ್ಧತಿಯಿಲ್ಲ. ಗಾಳಕ್ಕೆ ಗರಿ, ನೂಲು ಸುತ್ತಿ ಹುಳುವಿನ ವೇಷ ಹಾಕುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು. ಇದರಲ್ಲೂ ಮಡಿ-ಮೈಲಿಗೆ ಇತ್ತು ಅಂದರೆ ನಂಬುತ್ತೀರಾ? ಹಾಲ್ಫರ್ಡ್ ಎಂಬವರ ಅನುಯಾಯಿಗಳ ಪ್ರಕಾರ, ನೀರಿನ ಮೇಲೆ ತೇಲುವ ಫ್ಲೈ ಹಾಕಿದರೆ ಮಾತ್ರ ಸಭ್ಯರ ಆಟ. ಮುಳುಗುವ ಮರಿಹುಳು, ಅಂದರೆ ನಿಂಫ್, ಹಾಕುವುದು ಕೀಳು. ಸ್ಕ್ಯೂಸ್ ಎಂಬ ವಕೀಲರು ಇದನ್ನು ಒಪ್ಪದೆ ವರ್ಷಗಟ್ಟಲೆ ವಾದಿಸಿದರು. 1938ರಲ್ಲಿ ಲಂಡನ್ನಿನ ಕ್ಲಬ್ಬಿನಲ್ಲಿ ಇದರ ಮೇಲೇ ಚರ್ಚೆ ನಡೆಯಿತಂತೆ. ಟ್ರೌಟ್‌ಗೆ ಮಾತ್ರ ಈ ಮಡಿ ಗೊತ್ತಿಲ್ಲ. ಅದರ ಊಟ ಹೆಚ್ಚಾಗಿ ನೀರಿನೊಳಗೇ.

ವಾದವನ್ನು ಕೈಕೆಲಸದಿಂದ ಮುಂದೆ ತಂದವರು ಒಬ್ಬ ನದಿ ಕಾವಲುಗಾರ, ಫ್ರಾಂಕ್ ಸಾಯರ್. 1906ರಲ್ಲಿ ಈ ಏವನ್ ದಂಡೆಯ ಬುಲ್ಫರ್ಡ್‌ನಲ್ಲಿ ಹುಟ್ಟಿದವರು. ಮೇಲ್ಗಡೆ ನೆದರೇವನ್ ಸುತ್ತಲಿನ ಜಾಗ ಸೈನ್ಯದ್ದು. ಅಲ್ಲಿ ಮೀನು ಹಿಡಿಯುವ ಹಕ್ಕು ಸೇನಾಧಿಕಾರಿಗಳದ್ದು, ನದಿ ನೋಡಿಕೊಳ್ಳುವ ಕೆಲಸ ಸಾಯರ್ ಅವರದ್ದು. ಪಾಚಿ ಕತ್ತರಿಸುವುದು, ಕೆಸರು ತೆಗೆಯುವುದು, ದಂಡೆ ಕಟ್ಟುವುದು. ಸುಮಾರು ಐವತ್ತು ವರ್ಷ ಇದೇ ಬದುಕು. ಹಾಗೆ ನೋಡುತ್ತಾ ನೋಡುತ್ತಾ ಒಂದು ವಿಷಯ ಗಮನಿಸಿದರು: ಮರಿಹುಳು ಈಜುವಾಗ ಕಾಲುಗಳನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಹಾಗಾದರೆ ಫ್ಲೈಗೆ ಕಾಲು ಯಾಕೆ?

ಅವರ ಫೆಸೆಂಟ್ ಟೇಲ್ ನಿಂಫ್‌ಗೆ ಎರಡೇ ಸಾಮಾನು, ಫೆಸೆಂಟ್ ಹುಂಜದ ಬಾಲದ ಗರಿ ಮತ್ತು ಕೂದಲೆಳೆಯಂಥ ತಾಮ್ರದ ತಂತಿ. ನಮ್ಮೂರಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿಯ ಮುಂದೆ ಬಿದ್ದಿರುತ್ತಲ್ಲ, ಅದೇ ಜಾತಿಯ ತಂತಿ. "ಅತ್ತೆ, ಇದಕ್ಕೆ ದಾರಾನೇ ಬೇಡ, ನೀವೂ ಒಂದು ಕಟ್ಟಿ" ಅಂತ ಅಳಿಯ ಕೂರಿಸಿದ. ಗಾಳವನ್ನು ಪುಟ್ಟ ಹಿಡಿಕೆಗೆ ಸಿಕ್ಕಿಸಿ, ತಂತಿಯನ್ನು ಒತ್ತೊತ್ತಾಗಿ ಸುತ್ತಬೇಕು. ಎದೆಯ ಜಾಗದಲ್ಲಿ ಇನ್ನೆರಡು ಪದರ ಸುತ್ತಿ ಗುಬ್ಬಿ ಮಾಡಬೇಕು. ಆಮೇಲೆ ಗರಿಯ ನಾಲ್ಕು ಎಳೆಗಳನ್ನು ಹಿಂಭಾಗದಲ್ಲಿ ಕಟ್ಟುವುದು. ತುದಿಗಳು ಸ್ವಲ್ಪ ಹೊರಗೆ ಉಳಿದರೆ ಅದೇ ಬಾಲ. ಉಳಿದ ಎಳೆಗಳನ್ನು ತಂತಿಯ ಜೊತೆ ಹೊಸೆದು, ಬತ್ತಿ ಹೊಸೆದ ಹಾಗೇ, ಮುಂದಕ್ಕೆ ಸುತ್ತಿಕೊಂಡು ಹೋಗುವುದು. ಕೊನೆಗೆ ಎದೆಯ ಮೇಲೆ ಹಿಂದೆ ಮುಂದೆ ಮಡಿಸಿ ತಂತಿಯಿಂದಲೇ ಬಿಗಿದರೆ ಮುಗಿಯಿತು. ಬತ್ತಿ ಹೊಸೆದ ಕೈಗೆ ಇದೇನು ಹೊಸದಲ್ಲ ಬಿಡಿ. ತಂತಿ ಮೈಯೂ ಹೌದು, ದಾರವೂ ಹೌದು, ಭಾರವೂ ಹೌದು. ಅದಿಲ್ಲದಿದ್ದರೆ ಹುಳು ಮುಳುಗುವುದಿಲ್ಲ.

ಮೀನಿನ ಹಿಂದಿನಿಂದ ಬಂದು, ಅದರ ಮುಂದೆ ದೂರಕ್ಕೆ ಬೀಸಿ, ಹುಳುವನ್ನು ಮುಳುಗಲು ಬಿಡಬೇಕು. ಮೀನಿನ ಹತ್ತಿರ ಬಂದಾಗ ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿದರೆ, ರೆಕ್ಕೆ ಬಿಚ್ಚಲು ಮೇಲೇಳುವ ಹುಳುವಿನಂತೆ ಅದೂ ಏಳುತ್ತದೆ. ಟ್ರೌಟ್‌ಗೆ ತಡೆಯಲಾಗುವುದಿಲ್ಲ. ನಾನು ನೋಡಿದ್ದು ಒಂದೇ ಸಲ. ದಾರ ಚೂರು ತಡೆದು ನಿಂತಿತು, ಅಷ್ಟೇ. ಅಳಿಯ ಕೈ ಒದ್ದೆ ಮಾಡಿಕೊಂಡು, ಮುಳ್ಳಿಲ್ಲದ ಗಾಳ ಬಿಡಿಸಿ, ಮೀನನ್ನು ನೀರಲ್ಲೇ ಬಿಟ್ಟ. ತಿನ್ನದಿದ್ದ ಮೇಲೆ ಹಿಡಿಯೋದ್ಯಾಕೆ ಅಂತ ಕೇಳಿದೆ. ನಕ್ಕ. ನನಗಿನ್ನೂ ಅದು ಸರಿಯಾಗಿ ಒಪ್ಪಿಗೆಯಾಗಿಲ್ಲ.

ಒಪ್ಪಿಗೆಯಾದದ್ದು ಇನ್ನೊಂದು ಕೆಲಸ. ಕೊಳವೆಬಾವಿಗಳು ಒರತೆಯ ನೀರನ್ನೇ ಎಳೆಯುತ್ತಿವೆ, ಚರಂಡಿಯ ಕೊಳಕೂ ಬಂದು ಸೇರುತ್ತದೆ ಎಂಬುದು ಇಲ್ಲಿನ ನದಿಗಳ ದೊಡ್ಡ ಗೋಳು. ಕೊಳೆಯಾದರೆ ಮೊದಲು ಸಾಯುವುದು ಈ ಮರಿಹುಳುಗಳೇ. ಅದಕ್ಕೇ ಗಾಳದವರೇ ಸ್ವಯಂಸೇವಕರಾಗಿ ತಿಂಗಳಿಗೊಮ್ಮೆ ನದಿಗಿಳಿದು, ತಳದ ಕಲ್ಲನ್ನು ಕಾಲಿಂದ ಕೆದಕಿ, ಬಲೆಗೆ ಬಂದದ್ದನ್ನು ಬಿಳಿ ತಟ್ಟೆಗೆ ಸುರಿದು ಎಣಿಸುತ್ತಾರೆ. ಲೆಕ್ಕ ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದರೆ ಪರಿಸರ ಇಲಾಖೆಗೆ ದೂರು ಹೋಗುತ್ತದೆ. ಒಂದು ಭಾನುವಾರ ನಾನೂ ತಟ್ಟೆಗೆ ಬಗ್ಗಿದೆ. ಕಂದು ಬಣ್ಣದ ಪುಟಾಣಿ ಹುಳು ಕಾಲು ಮಡಚಿ ಸರ್ರನೆ ಈಜಿತು, ಸಾಯರ್ ಕಂಡಿದ್ದಂತೆಯೇ. ಎಣಿಸಿ ಬರೆದುಕೊಂಡ ಮೇಲೆ ತಟ್ಟೆಯನ್ನು ಮೆಲ್ಲಗೆ ನದಿಗೇ ಬಗ್ಗಿಸಿದರು.