ಚಿಕ್ಕಮ್ಮನ ಪೆನ್‌ಡ್ರೈವ್

"ಏನ್ರೋ, ನಂಗೆ ವೈರಸ್ ಕೊಟ್ಟು ಕಳಿಸಿದ್ದೀರಂತೆ?"

ಕಳೆದ ಸೆಮಿಸ್ಟರ್ ಎರಡನೇ ಇಂಟರ್ನಲ್ಸ್ ಹಿಂದಿನ ದಿನ ಬಂದ ಫೋನ್ ಇದು. ಮಾಡಿದ್ದು ನಮ್ಮಲ್ಲೊಬ್ಬನ ಚಿಕ್ಕಮ್ಮ. ಹಾಸ್ಟೆಲ್ ರೂಮಿಗೆ ಚಕ್ಕುಲಿ ಡಬ್ಬಿ ಬರೋಕೆ ಶುರುವಾದ ಮೇಲೆ ಅವರು ನಮ್ಮ ಮೂವರಿಗೂ ಚಿಕ್ಕಮ್ಮನೇ. ಅರಸೀಕೆರೆ ಕಡೆ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್.

ದಸರಾ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ ಪ್ರಶ್ನೆಪತ್ರಿಕೆ ಟೈಪ್ ಮಾಡ್ತಾ ಕೂತಿದ್ರು. ‘ಕೆಳಗಿನ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿ’, ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’. ಪ್ರತಿ ಪತ್ರಿಕೆಗೂ ಅವೇ ಸಾಲುಗಳು. (ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಸ್ವಾರಸ್ಯ’ ಅಂದ್ರೆ ಏನು ಅಂತ ಗೊತ್ತಾಗಿದ್ದೂ ಅವತ್ತೇ.) ಇಂಜಿನಿಯರಿಂಗ್ ಓದುವವರು ಸುಮ್ಮನೆ ನೋಡ್ತಾ ಕೂರೋಕಾಗುತ್ತಾ? ಎರಡು ರಾತ್ರಿ ಕೂತು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದೆವು. ‘ಒವಾ’ ಅಂತ ಹೊಡೆದರೆ ಸಾಕು, ಪೂರ್ತಿ ಸಾಲು ಬಂದು ಕೂರುತ್ತೆ. ಪೈಇನ್‌ಸ್ಟಾಲರ್ ಬಳಸಿ ಅದನ್ನು ಒಂದೇ ಇಎಕ್ಸ್‌ಇ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆವು.

ಮನೆಯ ಲ್ಯಾಪ್‌ಟಾಪ್‌ನಲ್ಲಿ ತಿಂಗಳುಗಟ್ಟಲೆ ಚೆನ್ನಾಗೇ ಓಡಿತು. ಒಂದು ದಿನ ಚಿಕ್ಕಮ್ಮ ಹೆಮ್ಮೆಯಿಂದ ಸ್ಟಾಫ್ ರೂಮಿನಲ್ಲಿ ತೋರಿಸೋಕೆ ಹೋದ್ರು. ಶಾಲೆಯ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಚುಚ್ಚಿದ್ದೇ ತಡ, ಆಂಟಿವೈರಸ್ ಕೆಂಪಗೆ ಕಿರುಚಿ, ‘ಟ್ರೋಜನ್’ ಅಂತ ಹೆಸರಿಟ್ಟು, ಫೈಲನ್ನೇ ನುಂಗಿಬಿಟ್ಟಿತು. ಎಲ್ಲರೆದುರಿಗೆ ಹೆಡ್‌ಮಾಸ್ಟರ್, "ಮೇಡಂ, ಎಲ್ಲೆಲ್ಲಿಂದಲೋ ತಂದಿದ್ದನ್ನು ಇದಕ್ಕೆ ಹಾಕಬೇಡಿ" ಅಂದ್ರಂತೆ. ಇಪ್ಪತ್ತೆರಡು ವರ್ಷ ಸರ್ವೀಸ್ ಆದ ಟೀಚರ್‌ಗೆ.

ಇಂಟರ್ನಲ್ಸ್ ಪಕ್ಕಕ್ಕಿಟ್ಟು ನಾವು ಫೈಲನ್ನು ವೈರಸ್‌ಟೋಟಲ್‌ಗೆ ಹಾಕಿದೆವು. ಒಂದೇ ಫೈಲನ್ನು ಎಪ್ಪತ್ತರ ಆಸುಪಾಸು ಆಂಟಿವೈರಸ್‌ಗಳ ಕೈಲಿ ಪರೀಕ್ಷೆ ಮಾಡಿಸೋ ಜಾಗ ಅದು. ಹನ್ನೊಂದು ‘ಕೆಟ್ಟದ್ದು’ ಅಂದವು. ಸಿಟ್ಟು ಬಂದು, ‘ನಮಸ್ಕಾರ’ ಅಂತ ತೋರಿಸಿ ಮುಗಿದುಹೋಗುವ ಒಂದು ಸಾಲಿನ ಪ್ರೋಗ್ರಾಂ ಅನ್ನೂ ಹಾಗೇ ಕಟ್ಟಿ ಹಾಕಿದೆವು. ಅದಕ್ಕೂ ನಾಲ್ಕು! ನಮಸ್ಕಾರ ಅಂದಿದ್ದೂ ತಪ್ಪಾ?

ಆಮೇಲೆ ಓದಿದಾಗ ಅರ್ಥವಾಯಿತು. ಪೈಇನ್‌ಸ್ಟಾಲರ್ ನಮ್ಮ ಕೋಡ್ ಮುಂದೆ ತನ್ನದೇ ಒಂದು ಚಿಕ್ಕ ಚಾಲಕನನ್ನು ಕೂರಿಸುತ್ತೆ. ಕಳ್ಳರೂ ಅದೇ ಸಾಧನ ಬಳಸಿದರೆ ಅವರ ಗಾಡಿಗೂ ಅದೇ ಚಾಲಕ. ಆಂಟಿವೈರಸ್ ಅವನ ಮುಖ ಗುರುತಿಟ್ಟುಕೊಂಡರೆ ನಾವೂ ಸಿಕ್ಕಿಬಿದ್ದೆವು. ಜೊತೆಗೆ ಒಂದೇ ಫೈಲ್ ಮಾಡಿದಾಗ ಅದು ಓಡುವ ಮುನ್ನ ಟೆಂಪ್ ಫೋಲ್ಡರ್‌ನಲ್ಲಿ ತನ್ನ ಗಂಟು ಬಿಚ್ಚುತ್ತೆ. ಎಷ್ಟೋ ವೈರಸ್‌ಗಳ ಚಾಳಿಯೂ ಅದೇ. ಇನ್ನು ‘ಒವಾ’ ಗುರುತಿಸಬೇಕಾದರೆ ನಮ್ಮ ಪ್ರೋಗ್ರಾಂ ಒತ್ತಿದ ಪ್ರತಿ ಕೀಯನ್ನೂ ನೋಡ್ತಾ ಇರಲೇಬೇಕು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡೋದೂ ಅದನ್ನೇ. ಹೊರಗಿನಿಂದ ನೋಡುವವರಿಗೆ ನಾವು ಒಳ್ಳೆಯವರು ಅಂತ ಹೇಗೆ ಗೊತ್ತಾಗಬೇಕು? ಇಷ್ಟು ಒಪ್ಪಿಕೊಳ್ಳಲೇಬೇಕು.

ಒಪ್ಪೋಕಾಗದ್ದು ಮುಂದಿನದು. ತಪ್ಪು ತಿದ್ದಿ ಅಂತ ಒಂದೊಂದು ಕಂಪನಿಗೂ ಬೇರೆ ಬೇರೆ ಫಾರಂ ತುಂಬಬೇಕು. ಇಬ್ಬರು ತಿದ್ದಿದರು. ಖುಷಿಯಲ್ಲಿ ಒಂದು ಕಾಗುಣಿತ ಸರಿಮಾಡಿ ಮತ್ತೆ ಕಟ್ಟಿದೆವು. ಹ್ಯಾಶ್ ಬದಲಾಯಿತು, ಅಂದರೆ ಅವರ ಲೆಕ್ಕಕ್ಕೆ ಹೊಸ ಫೈಲ್, ಮತ್ತೆ ಟ್ರೋಜನ್. ಡಿಜಿಟಲ್ ಸಹಿ ಹಾಕಿಸೋಣ ಅಂದ್ರೆ ಸರ್ಟಿಫಿಕೇಟ್‌ಗೆ ವರ್ಷಕ್ಕೆ ಸಾವಿರಾರು ರೂಪಾಯಿ. 2023ರ ಜೂನ್‌ನಿಂದ ಅದರ ಕೀಲಿಯನ್ನು ಹಾರ್ಡ್‌ವೇರ್‌ನಲ್ಲೇ ಕಾಪಾಡಬೇಕು ಅನ್ನೋ ನಿಯಮ ಬೇರೆ. ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ನೋಡೋದು ಫೈಲಿಗೆ ‘ಹೆಸರು’ ಇದೆಯಾ ಅಂತ. ಜನ ಬಳಸಿದರೆ ಹೆಸರು, ಹೆಸರಿದ್ದರೆ ಜನ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ನಮಗಿದ್ದದ್ದು ಒಬ್ಬರೇ ಬಳಕೆದಾರರು.

ದೊಡ್ಡವರಿಗೂ ಹೀಗಾಗಿದೆ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಅಂದು, ಜಗತ್ತಿನಾದ್ಯಂತ ಕಂಪ್ಯೂಟರ್‌ಗಳು ಮಲಗಿದ್ದವು. ಆದರೆ ಅವತ್ತೇ ತಿದ್ದುಪಡಿಯೂ ಬಂತು. ಇಲ್ಲಿ ಮಲಗಿದ್ದು ಅರಸೀಕೆರೆ ಕಡೆಯ ಒಬ್ಬ ಟೀಚರ್‌ರ ಮರ್ಯಾದೆ, ಅಷ್ಟೇ.

"ಆಂಟಿವೈರಸ್ ಆಫ್ ಮಾಡಿ ಹಾಕ್ಕೊಳ್ಳಿ ಚಿಕ್ಕಮ್ಮ ಅಂತ ಹೇಳಿಬಿಡೋಣ" ಅಂದ ಒಬ್ಬ. ಫೋನ್ ಕೈಗೆ ತಗೊಂಡೂ ಆಗಿತ್ತು. ಆದರೆ ನಮ್ಮ ಮಾತು ಕೇಳಿ ಕೆಂಪು ಬಣ್ಣಕ್ಕೆ ಹೆದರದಿರೋದನ್ನು ಅವರು ಕಲಿತರೆ, ನಾಳೆ ನಿಜವಾದ ಕಳ್ಳ ಬಂದಾಗ? ಸಂಬಳದ ಅಕೌಂಟ್ ನೋಡೋದೂ ಅದೇ ಲ್ಯಾಪ್‌ಟಾಪ್‌ನಲ್ಲಿ. ಫೋನ್ ಕೆಳಗಿಟ್ಟೆವು.

ಕೊನೆಗೆ ಸೀನಿಯರ್ ಒಬ್ಬಳು ನಕ್ಕು ಹೇಳಿದಳು: "ಲೋ, ವರ್ಡ್‌ನಲ್ಲೇ ಆಟೋಕರೆಕ್ಟ್ ಇದೆಯಲ್ರೋ!" ನಿಜ. ಯಾವ ಪ್ರೋಗ್ರಾಮೂ ಬೇಕಿರಲಿಲ್ಲ. ವೀಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟೆವು, ಚಿಕ್ಕಮ್ಮ ಹತ್ತು ನಿಮಿಷದಲ್ಲಿ ಕಲಿತರು. ಈಗ ‘ಒವಾ’ ಹೊಡೆದರೆ ಸಾಲು ಬರುತ್ತೆ.

ಹೆಡ್‌ಮಾಸ್ಟರ್‌ಗೆ ನಾವು ಮೂವರೂ ಸೇರಿ ಕನ್ನಡದಲ್ಲಿ ಒಂದು ಪತ್ರ ಬರೆದಿದ್ದೇವೆ, ಅದು ವೈರಸ್ ಅಲ್ಲ ಅಂತ. ಚಿಕ್ಕಮ್ಮ ಅದರಲ್ಲಿದ್ದ ಏಳು ಕಾಗುಣಿತ ತಪ್ಪುಗಳನ್ನು ತಿದ್ದಿ, ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾರೆ. ಇನ್ನೂ ಕೊಟ್ಟಿಲ್ಲ. ಪ್ರಶ್ನೆಪತ್ರಿಕೆಯನ್ನು ಈಗ ಮನೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೇ ಪ್ರಿಂಟ್ ಮಾಡಿಸ್ತಾರೆ. ಪುಟಕ್ಕೆ ಐದು ರೂಪಾಯಿ.