ನಾಗಪ್ಪ ಅಲಿಯಾಸ್ ಬಾಗಪ್ಪ

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ನನ್ನ ಕೈಗೆ ಒಂದು ಬಾಂಡ್ ಪೇಪರ್ ಕೊಟ್ಟು, "ಇದರಾಗ ತಪ್ಪೇನರ ಅದಾ ನೋಡು" ಅಂದ್ರು. ಇದ್ದದ್ದು ನಾಲ್ಕೇ ಸಾಲು. ನಾಗಪ್ಪ ತಂದೆ ಸಂಗಪ್ಪ ಮತ್ತು ಬಾಗಪ್ಪ ತಂದೆ ಸಂಗಪ್ಪ ಎಂಬ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಯವು ಅಂತ ಪ್ರಮಾಣ ಮಾಡೋ ಕಾಗದ. ಕೆಳಗೆ ಅಪ್ಪ ಮತ್ತು ಕಾಕಾ ಸಹಿ ಮಾಡಬೇಕು. ಸಾಕ್ಷಿಗೆ ನಾನು.

ವಿಷಯ ಇಷ್ಟು. ಬಸವಕಲ್ಯಾಣದ ಹತ್ತಿರ ನಮಗೆ ನಾಲ್ಕು ಎಕರೆ ಹೊಲ ಇದೆ. ಮೂರು ತಲೆಮಾರಿನಿಂದ ಅಲ್ಲಿ ತೊಗರಿ, ಜೋಳ, ಈಗೀಗ ಸೋಯಾ ಬೆಳೀತಿರೋದು ನಾವೇ. ಆದ್ರೆ ಪಹಣಿಯಲ್ಲಿ ಇವತ್ತಿಗೂ ಬಾಗಪ್ಪ ತಂದೆ ಸಂಗಪ್ಪ ಅಂತಿದೆ. ಮನೆಯಲ್ಲಿ ಎಲ್ಲರೂ ಹೇಳೋದು ಮುತ್ಯಾನ ಅಪ್ಪ ನಾಗಪ್ಪ ಅಂತ. ಮುತ್ಯಾನ ಶಾಲೆ ದಾಖಲೆಯಲ್ಲೂ ತಂದೆ ನಾಗಪ್ಪ. ಫೌತಿ ಖಾತೆ ಆಗಬೇಕಂದ್ರೆ ವಂಶವೃಕ್ಷ ಬೇಕು. ಆ ವಂಶವೃಕ್ಷದ ಬುಡದಲ್ಲಿ ಯಾರ ಹೆಸರು ಬರೀಬೇಕು? ಬಾಂಡ್ ಬರೆಯೋರು ಎಲ್ಲರಿಗೂ ಕೊಡೋ ಮದ್ದನ್ನೇ ನಮಗೂ ಕೊಟ್ಟಿದ್ರು: "ಅಲಿಯಾಸ್ ಅಂತ ಹಾಕ್ರಿ, ಮುಗೀತು."

ನನಗೂ ಅದು ಸರಿ ಅನ್ನಿಸ್ತು. ಯಾಕಂದ್ರೆ ನನ್ನ ಹತ್ತಿರ ಒಂದು ಚಂದದ ವಿವರಣೆ ಇತ್ತು. ನಮ್ಮ ಬೀದರ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಂದಾಯದ ಲೆಕ್ಕ ಉರ್ದುವಿನಲ್ಲಿ ಇರ್ತಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ, ಕಾಗದಗಳು ಕನ್ನಡಕ್ಕೆ ಬಂದವು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರ್ ಸೇರಿದವು. ಉರ್ದುವಿನಲ್ಲಿ ನ ಮತ್ತು ಬ ಪದದ ಮೊದಲಿಗೆ ಬಂದಾಗ ಒಂದೇ ಆಕಾರ. ಚುಕ್ಕಿ ಮೇಲಿದ್ರೆ ನ, ಕೆಳಗಿದ್ರೆ ಬ. ಅವಸರದಲ್ಲಿ ಬರೆದವನ ಚುಕ್ಕಿ ಸ್ವಲ್ಪ ಸರಿದ್ರೆ ಸಾಕು, ನಾಗಪ್ಪ ಬಾಗಪ್ಪ ಆಗ್ತಾನೆ. ಡುಪ್ಲಿಕೇಟ್ ರೆಕಾರ್ಡ್ ಹುಡುಕಿ ಮರ್ಜ್ ಮಾಡೋದು ಬೆಂಗಳೂರಲ್ಲಿ ನನ್ನ ದಿನದ ಕೆಲಸ. ಇದೂ ಅಂಥದ್ದೇ ಅಂದ್ಕೊಂಡೆ.

ಆದ್ರೂ ಪೆನ್ನು ಹಿಡಿದಾಗ ಕೈ ನಿಂತಿತು. ಸಾಕ್ಷಿ ಅಂದ್ರೆ ಕಂಡವನು. ನಾನು ಏನು ಕಂಡಿದ್ದೆ? "ಹಳೇ ಕಾಗದ ತೆಗೆಸೋಣ, ಚುಕ್ಕಿ ನೋಡೋಣ, ಆಮೇಲೆ ಸಹಿ ಹಾಕ್ತೀನಿ" ಅಂದೆ. ಕಾಕಾಗೆ ಸಿಟ್ಟು ಬಂತು. "ಓದಿದವ್ರದು ಇದೇ ಹಣೆಬಾರ" ಅಂತ ಎದ್ದು ಹೋದ್ರು.

ಅರ್ಜಿ ಹಾಕಿ ನಕಲು ತೆಗೆಸಿದ್ವಿ. ಸರ್ವೆ ಕಾಲದ ಸೇತ್ವಾರ್, ಕೆಲವು ಫಸಲಿ ವರ್ಷಗಳ ಪಹಣಿ, 1954-55ರ ಖಾಸರಾ ಪಹಣಿ. ಅವನ್ನು ಹಿಡ್ಕೊಂಡು ಊರಿನ ರಿಟೈರ್ಡ್ ಉರ್ದು ಮಾಸ್ತರರ ಮನೆಗೆ ಹೋದೆ. ಅವರು ಭೂತಗನ್ನಡಿ ಹಿಡಿದು ಓದ್ತಾ ಹೋದ್ರು, ನಾನು ಫೋನಿನಲ್ಲಿ ಒಂದು ಶೀಟ್ ಮಾಡ್ತಾ ಹೋದೆ.

ಸೇತ್ವಾರ್‌ನಲ್ಲಿ ಚುಕ್ಕಿ ಕೆಳಗಿತ್ತು. ಬಾಗಪ್ಪ ವಲ್ದ್ ಸಂಗಪ್ಪ. ವಲ್ದ್ ಅಂದ್ರೆ ಮಗ. ಫಸಲಿ 1356ರಲ್ಲಿ ಪಟ್ಟೇದಾರ ಬಾಗಪ್ಪ, ಕಬ್ಜಾ ಕಾಲಂನಲ್ಲಿ 'ಖುದ್'. ಅಂದ್ರೆ ಪಟ್ಟೇದಾರ ತಾನೇ ಸಾಗುವಳಿ ಮಾಡ್ತಿದ್ದ. ಫಸಲಿ 1358ರಲ್ಲಿ ಪಟ್ಟೇದಾರ ಅದೇ ಬಾಗಪ್ಪ, ಆದ್ರೆ ಕಬ್ಜಾ ಕಾಲಂನಲ್ಲಿ ನಾಗಪ್ಪ ವಲ್ದ್ ಸಂಗಪ್ಪ. ಖಾಸರಾ ಪಹಣಿಯಲ್ಲೂ ಹಾಗೇ. ಒಂದೇ ಸಾಲು, ಒಂದೇ ಕೈಬರಹ. ಒಂದು ಹೆಸರಿಗೆ ಚುಕ್ಕಿ ಕೆಳಗೆ, ಇನ್ನೊಂದಕ್ಕೆ ಮೇಲೆ.

ಮಾಸ್ತರರು ಕನ್ನಡಕ ತೆಗೆದು, "ಒಬ್ಬನೇ ಇದ್ದಿದ್ರ ಇಲ್ಲಿನೂ ಖುದ್ ಅಂತ ಬರೀತಿದ್ರು ತಮ್ಮಾ. ಇವ್ರು ಇಬ್ರು" ಅಂದ್ರು.

ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗ್ತಿತ್ತು. ಇಸವಿ ಬೇಕಂದ್ರೆ ಡಿಸೆಂಬರ್ ತನಕ 590, ಜನವರಿಯಿಂದ 591 ಕೂಡಿಸಬೇಕು. 1356 ಮತ್ತು 1358ರ ನಡುವಿನ ವರ್ಷ, ಅಂದ್ರೆ ಫಸಲಿ 1357, 1947ರ ಅಕ್ಟೋಬರ್‌ನಿಂದ 1948ರ ಅಕ್ಟೋಬರ್ ತನಕ. ರಜಾಕಾರರ ಗದ್ದಲದ ವರ್ಷ.

ಮನೆಗೆ ಬಂದು ಆಯಿ ಪಕ್ಕ ಕೂತು ಕೇಳಿದೆ. "ಆಯಿ, ಬಾಗಪ್ಪ ಅಂದ್ರ ಯಾರು?"

ಆಯಿ ಒಂದಿಷ್ಟೂ ಯೋಚನೆ ಮಾಡಲಿಲ್ಲ. "ನಮ್ಮ ಮಾವನ ಅಣ್ಣ. ಗದ್ಲದಾಗ ಹೆಂಡ್ರು ಮಕ್ಕಳ್ನ ಕಟ್ಕೊಂಡು ಸೊಲ್ಲಾಪುರಕ್ಕ ಹೋದ್ರು. ತಿರುಗಿ ಬಂದು ಹುಮನಾಬಾದದಾಗ ನಿಂತ್ರು, ಊರಿಗಿ ಬರ್ಲಿಲ್ಲ. ನಾ ನೋಡಿಲ್ಲ, ನಮ್ಮತ್ತಿ ಹೇಳ್ತಿದ್ರು."

"ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲ?"

"ಯಾರು ಕೇಳೀರಿ?"

ಆಯಿಗೆ ಇನ್ನೊಂದು ನೆನಪಿತ್ತು. ಬಹಳ ವರ್ಷದ ಹಿಂದೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಒಬ್ಬ ಹೆಣ್ಣುಮಗಳು ಮಾತಾಡಿಸಿ, ನಾವು ಕಲ್ಯಾಣಿಯವರು ಅಂದಿದ್ದಳಂತೆ. ನಮ್ಮ ಊರಿನ ಹೆಸರು ಆಗ ಕಲ್ಯಾಣಿ. ರಾಜ್ಯ ಪುನರ್ವಿಂಗಡಣೆ ಆದ ಮೇಲೆ ಬಸವಕಲ್ಯಾಣ ಆದದ್ದು.

ಇಲ್ಲಿ ನನಗೆ ಒಂದು ಮಾತು ಹೊಳೀತು. ತಾನಿರೋ ಊರಿನ ಹೆಸರನ್ನು ಅಲ್ಲೇ ಯಾರೂ ಅಡ್ಡಹೆಸರಾಗಿ ಕರೆಯೋದಿಲ್ಲ. ಊರು ಬಿಟ್ಟವನಿಗೇ ಊರಿನ ಹೆಸರು ಅಂಟಿಕೊಳ್ಳೋದು. ನಾರ್ವೆಯಿಂದ ಅಮೆರಿಕಕ್ಕೆ ಹೋದ ರೈತರ ಕಥೆಯೂ ಹೀಗೇ. ಊರಲ್ಲಿ ಅವರ ಗುರುತು ತಂದೆ ಹೆಸರು, ಜೊತೆಗೆ ವಾಸವಿದ್ದ ಹೊಲಮನೆಯ ಹೆಸರು. ಅಮೆರಿಕದಲ್ಲಿ ಒಬ್ಬ ಅಣ್ಣ ತಂದೆ ಹೆಸರನ್ನು, ಇನ್ನೊಬ್ಬ ತಮ್ಮ ಹೊಲಮನೆಯ ಹೆಸರನ್ನು ಅಡ್ಡಹೆಸರು ಮಾಡಿಕೊಂಡರೆ ಮೊಮ್ಮಕ್ಕಳಿಗೆ ಅವರು ಒಡಹುಟ್ಟಿದವರು ಅಂತಲೇ ಗೊತ್ತಾಗೋದಿಲ್ಲ. ನಮ್ಮಲ್ಲಿ ಅಷ್ಟು ದೂರ ಹೋಗೋದೇ ಬೇಕಾಗಿರಲಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯೋದಿಲ್ಲ.

ಗುಡಿಯ ಸುತ್ತಲಿನ ಓಣಿಗಳಲ್ಲಿ ವಿಚಾರಿಸ್ತಾ ಹೋದೆ, ಮೂರನೇ ಅಂಗಡಿಯವರು ಮನೆ ತೋರಿಸಿದ್ರು. ಕಲ್ಯಾಣಿ ಅನ್ನೋ ಅಡ್ಡಹೆಸರಿನ ಮನೆ. ಅಲ್ಲಿನ ಹಿರಿಯರಿಗೆ ಎಪ್ಪತ್ತರ ಮೇಲೆ ವಯಸ್ಸು. ಬಾಗಪ್ಪನ ಮೊಮ್ಮಗ, ಅಂದ್ರೆ ನನಗೆ ದೊಡ್ಡಪ್ಪ. ಅವರ ತಂದೆಯ ಸೊಲ್ಲಾಪುರದ ಶಾಲೆ ದಾಖಲೆ ತೋರಿಸಿದ್ರು. ತಂದೆ ಹೆಸರು ಬಾಗಪ್ಪ ಸಂಗಪ್ಪ. ಹುಟ್ಟಿದ ಊರು ಕಲ್ಯಾಣ, ಜಿಲ್ಲೆ ಠಾಣೆ! ಕಲ್ಯಾಣಿ ಅಂದದ್ದನ್ನು ಬರೆದವರು ಮುಂಬೈ ಹತ್ತಿರದ ಕಲ್ಯಾಣ ಅಂದ್ಕೊಂಡಿದ್ರು. ಆ ಒಂದೇ ಕಾಗದ ನನ್ನ ಕೈಗೆ ಸಿಕ್ಕಿದ್ದರೆ, ಇವರು ನಮ್ಮವರಲ್ಲ ಅಂತ ಪಕ್ಕಕ್ಕಿಡ್ತಿದ್ದೆ.

ಹೊಲದ ಮಾತನ್ನು ನಾನೇ ತೆಗೆದೆ. ಗಂಟಲು ಒಣಗಿತ್ತು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮುತ್ಯಾ ಆ ಮಾತೇ ತೆಗೀತಿರ್ಲಿಲ್ಲ. ಜೀವದ ಮ್ಯಾಲ ಆಸೆ ಬಿಟ್ಟು ತಮ್ಮ ಉಳಿಸ್ಯಾನ, ಉಣ್ಲಿ ಅಂತಿದ್ರು. ಆದ್ರ ತನ್ನ ಹೆಸರು ಅಲ್ಲಿ ಅದಾ ಅಂಬೋದು ಅವ್ರಿಗಿ ಗೊತ್ತಿತ್ತೋ ಇಲ್ಲೋ" ಅಂದ್ರು.

ವಾಪಸ್ ಬರೋ ಬಸ್ಸಿನಲ್ಲಿ ಆ ಬಾಂಡ್ ಪೇಪರ್ ನೆನಪಾಗಿ ಮೈ ಬೆವರಿತು. ನಾಲ್ಕು ಸಾಲಿನಲ್ಲಿ ನಾವು ಒಬ್ಬ ಮನುಷ್ಯನನ್ನೇ ಅಳಿಸಿ, ಅವನ ಮಕ್ಕಳು ಮೊಮ್ಮಕ್ಕಳನ್ನು ಇಲ್ಲ ಅನ್ನಿಸಿಬಿಡ್ತಿದ್ವಿ. ಸುಳ್ಳು ಹೇಳಬೇಕು ಅಂತ ಯಾರಿಗೂ ಇರಲಿಲ್ಲ. ಎಲ್ಲರಿಗೂ ಕೆಲಸ ಬೇಗ ಮುಗೀಬೇಕಿತ್ತು, ಅಷ್ಟೆ. ನನಗಂತೂ ನನ್ನ ಚುಕ್ಕಿಯ ಥಿಯರಿ ಬಹಳ ಹಿಡಿಸಿತ್ತು.

ನಿಮ್ಮ ಮನೆಯಲ್ಲೂ ಇಂಥ ಎರಡು ಹೆಸರು, ಎರಡು ಇಸವಿ ಇರಬಹುದು. ಯಾವುದು ಸರಿ ಅಂತ ಮೊದಲೇ ಆರಿಸಬೇಡಿ. ಎರಡನ್ನೂ ಇದ್ದ ಹಾಗೇ ಬರೆದಿಡಿ. ಪ್ರತಿಯೊಂದರ ಮುಂದೆ ಯಾರು ಬರೆದದ್ದು, ಯಾವಾಗ, ಯಾವ ಕೆಲಸಕ್ಕೆ, ಯಾರ ಬಾಯಿಂದ ಕೇಳಿ ಅಂತ ಸೇರಿಸಿ. ಶಾಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತಿದ್ರೆ ಅದು ಹೆರಿಗೆಯ ದಿನ ಆಗಿರೋದಕ್ಕಿಂತ ಮಾಸ್ತರರು ಅಂದಾಜಿಗೆ ಬರೆದದ್ದೇ ಹೆಚ್ಚು. ಪಹಣಿ ಕಂದಾಯ ಯಾರು ಕಟ್ಟಬೇಕು ಅಂತ ನೋಡುತ್ತೆ, ಯಾರ ಅಣ್ಣ ಯಾರು ಅಂತಲ್ಲ. ಮತ್ತೆ ಮನೆಯ ಹಿರಿಯರನ್ನು ಕೊನೆಗೆ ಕೇಳೋ ಬದಲು ಮೊದಲು ಕೇಳಿ. ನಾನು ಮೂರು ತಿಂಗಳು ಕಾಗದಕ್ಕೆ ಅಲೆದೆ, ಆಯಿ ಅಲ್ಲೇ ಕಟ್ಟೆ ಮೇಲೆ ಕೂತಿದ್ಲು.

ಹೊಸ ವಂಶವೃಕ್ಷ ಸಂಗಪ್ಪನಿಂದ ಶುರುವಾಗುತ್ತೆ. ಎರಡು ಕವಲು. ಮೊದಲ ಕರಡಿನಲ್ಲಿ ಬಿಟ್ಟುಹೋಗಿದ್ದ ಇಬ್ಬರು ಅತ್ತೆಯರ ಹೆಸರೂ ಈಗ ಸೇರಿದೆ. ಪಾಲಿನ ಮಾತು ಇನ್ನೂ ಆಗಬೇಕು, ಸುಲಭ ಅಲ್ಲ. "ಎಪ್ಪತ್ತು ವರ್ಷ ಬರದವ್ರು ಈಗ್ಯಾಕ?" ಅಂತ ಕಾಕಾ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡೋದಿಲ್ಲ. ಅಪ್ಪ ಮಾತ್ರ ಸಹಿ ಇಲ್ಲದ ಆ ಬಾಂಡ್ ಪೇಪರ್ ಮಡಚಿ ಟ್ರಂಕಿನಲ್ಲಿಟ್ಟು, ಒಂದು ಭಾನುವಾರ ತಾವೇ ಹುಮನಾಬಾದಿಗೆ ಹೋಗಿ ಬಂದ್ರು.

ಈ ಸಲ ಎಳ್ಳಮಾಸಿಗೆ ದೊಡ್ಡಪ್ಪನ ಮನೆಯವರು ಹೊಲಕ್ಕೆ ಬರ್ತಾರೆ. ಭಜ್ಜಿ, ಸಜ್ಜಿ ರೊಟ್ಟಿ ಎಷ್ಟು ಜನರಿಗೆ ಮಾಡಬೇಕು ಅಂತ ಆಯಿ ಈಗಿಂದಲೇ ಲೆಕ್ಕ ಹಾಕ್ತಿದ್ದಾಳೆ.